ವಿಶ್ವದ ವಯಸ್ಸು 1380 ಕೋಟಿ ವರ್ಷ, ಅಗಲ 9300 ಕೋಟಿ ಜ್ಯೋತಿರ್ವರ್ಷ: ಈ ಲೆಕ್ಕ ಹೇಗೆ ಕೂಡುತ್ತದೆ?

ಸವಿತಾ, ಹುಬ್ಬಳ್ಳಿ
ಒಂಬತ್ತನೇ ತರಗತಿಯ ಮಗಳು ಕೇಳಿದ್ದಾಳೆ, ನನಗೆ ಉತ್ತರ ಗೊತ್ತಿಲ್ಲ. ವಿಶ್ವ ಹುಟ್ಟಿ 1380 ಕೋಟಿ ವರ್ಷವಾಯಿತು ಎನ್ನುತ್ತಾರೆ. ಬೆಳಕಿಗಿಂತ ವೇಗವಾಗಿ ಯಾವುದೂ ಓಡುವುದಿಲ್ಲ ಎಂದೂ ಹೇಳುತ್ತಾರೆ. ಹಾಗಾದರೆ ನಮಗೆ ಯಾವ ದಿಕ್ಕಿನಲ್ಲಿ ನೋಡಿದರೂ ಹೆಚ್ಚೆಂದರೆ 1380 ಕೋಟಿ ಜ್ಯೋತಿರ್ವರ್ಷ ದೂರದವರೆಗೆ ಕಾಣಬೇಕು, ಎರಡೂ ಬದಿ ಸೇರಿಸಿದರೆ 2760 ಕೋಟಿ. ಆದರೆ ಕಾಣುವ ವಿಶ್ವದ ಅಗಲ 9300 ಕೋಟಿ ಜ್ಯೋತಿರ್ವರ್ಷ ಎಂದು ಎಲ್ಲ ಕಡೆ ಬರೆದಿದ್ದಾರೆ. ಇದರಲ್ಲಿ ಯಾವುದು ಸುಳ್ಳು? ಇನ್ನೊಂದು ಪ್ರಶ್ನೆ: ವಿಶ್ವ ಹಿಗ್ಗುತ್ತಿದೆ ಎಂದರೆ ಯಾವುದರೊಳಕ್ಕೆ ಹಿಗ್ಗುತ್ತಿದೆ? ಇದನ್ನು ಕೇಳಿದವನು ನನ್ನ ಗಂಡ, ಆದ್ದರಿಂದ ಅಷ್ಟೇನೂ ಅವಸರವಿಲ್ಲ.

ದಾರಿಹೋಕ
ಇಷ್ಟು ದೊಡ್ಡ ಲೆಕ್ಕ ಹಾಕಿದವರಿಗೆ ನನ್ನ ವಿದ್ಯುತ್ ಬಿಲ್ಲನ್ನೂ ಒಮ್ಮೆ ತೋರಿಸಬೇಕು.

ನಿವೃತ್ತ ಮೇಷ್ಟ್ರು
ಎರಡೂ ಸುಳ್ಳಲ್ಲ ತಾಯಿ. ಬೆಳಕು ಹೊರಟ ಮೇಲೆ ದಾರಿಯೇ ಉದ್ದವಾಗುತ್ತಾ ಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈ ಗೊಂದಲ ಸಹಜ.

ನಾವು ಹಿಡಿಯಬಲ್ಲ ಅತ್ಯಂತ ಹಳೆಯ ಬೆಳಕು ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟದ್ದು. ಅದಕ್ಕೂ ಮೊದಲು ಎಲ್ಲವೂ ಕುದಿಯುವ ಮಂಜಿನಂತಿತ್ತು, ಬೆಳಕಿಗೆ ನೇರವಾಗಿ ಹೊರಡಲು ಆಸ್ಪದವಿರಲಿಲ್ಲ. ಆ ಬೆಳಕು ಹೊರಟ ಜಾಗ ಆಗ ನಮ್ಮಿಂದ, ಅಂದರೆ ಮುಂದೆ ನಾವು ಹುಟ್ಟಲಿದ್ದ ಜಾಗದಿಂದ, ಸುಮಾರು 4.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು, ಅಷ್ಟೇ. ನಡುವಿನ ಜಾಗ ಹಿಗ್ಗುತ್ತಲೇ ಇದ್ದುದರಿಂದ ಅದು ನಮ್ಮನ್ನು ತಲುಪಲು ಹೆಚ್ಚುಕಡಿಮೆ 1380 ಕೋಟಿ ವರ್ಷ ಹಿಡಿಯಿತು. ಅದು ಹೊರಟ ಜಾಗ ಇಷ್ಟರಲ್ಲಿ 4600 ಕೋಟಿ ಜ್ಯೋತಿರ್ವರ್ಷ ಆಚೆಗೆ ಹೋಗಿ ಕುಳಿತಿದೆ. ಅದನ್ನು ಎರಡರಿಂದ ಗುಣಿಸಿದರೆ ನಿಮ್ಮ ಮಗಳು ಓದಿದ ಅಂಕಿ ಸಿಗುತ್ತದೆ.

ತಕರಾರು ರಾಯ
ಮೇಷ್ಟ್ರೇ, ನೀವು ಹೇಳಿದಂತೆ ಆದರೆ ಆ ಜಾಗ ಬೆಳಕಿಗಿಂತ ವೇಗವಾಗಿ ಓಡಿತು ಎಂದಾಯಿತಲ್ಲ. ಐನ್‌ಸ್ಟೈನ್ ಒಪ್ಪಿದರೆ?

ನಿವೃತ್ತ ಮೇಷ್ಟ್ರು
ಒಪ್ಪುತ್ತಾರೆ. ಜಾಗದೊಳಗೆ ಓಡುವ ವಸ್ತುವಿಗೆ ಮಾತ್ರ ಆ ವೇಗಮಿತಿ. ಇಲ್ಲಿ ಯಾರೂ ಓಡುತ್ತಿಲ್ಲ, ನಡುವಿನ ಜಾಗವೇ ಬೆಳೆಯುತ್ತಿದೆ. ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ಲೆಕ್ಕದಲ್ಲಿ ಹಿಗ್ಗುತ್ತದೆ. ದೂರ ಹೆಚ್ಚಿದಷ್ಟೂ ಆ ಎಪ್ಪತ್ತುಗಳು ಒಂದರ ಮೇಲೊಂದು ಕೂಡುತ್ತವೆ. ಸುಮಾರು 1400 ಕೋಟಿ ಜ್ಯೋತಿರ್ವರ್ಷ ದಾಟಿದ ಮೇಲೆ ಕೂಡಿದ ಮೊತ್ತ ಬೆಳಕಿನ ವೇಗವನ್ನೇ ಮೀರುತ್ತದೆ. ಯಾವ ನಿಯಮವೂ ಮುರಿದಿಲ್ಲ.

ಕೃಷಿಕ, ಕೊಳ್ಳೇಗಾಲ
ಹಾಗಾದರೆ ನನ್ನ ಎರಡು ಎಕರೆಯೂ ಹಿಗ್ಗುತ್ತಿದೆಯೇ? ಸರ್ವೇಯರ್ ಮಾತ್ರ ಪ್ರತಿ ಸಲ ಕಡಿಮೆ ತೋರಿಸುತ್ತಾನೆ.

ನಿವೃತ್ತ ಮೇಷ್ಟ್ರು
ಇಲ್ಲ. ಗುರುತ್ವ ಕಟ್ಟಿ ಹಿಡಿದ ಯಾವುದೂ ಹಿಗ್ಗುವುದಿಲ್ಲ. ಭೂಮಿ, ಸೌರವ್ಯೂಹ, ನಮ್ಮ ಆಕಾಶಗಂಗೆ ಎಲ್ಲವೂ ಇದ್ದ ಹಾಗೆಯೇ ಇವೆ. ಪಕ್ಕದ ದೊಡ್ಡ ಗೆಲಾಕ್ಸಿ ಆಂಡ್ರೊಮಿಡಾ ದೂರ ಹೋಗುವ ಬದಲು ಸೆಕೆಂಡಿಗೆ 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೇ ಬರುತ್ತಿದೆ. ಸರ್ವೇಯರ್ ವಿಷಯ ನನ್ನ ವ್ಯಾಪ್ತಿಗೆ ಬರುವುದಿಲ್ಲ.

ರಾತ್ರಿಪಾಳಿ
ಆಂಡ್ರೊಮಿಡಾ ನಮಗೆ ಡಿಕ್ಕಿ ಹೊಡೆಯುತ್ತದೆ ಎಂದು ಎಲ್ಲೋ ಓದಿ ನಿದ್ದೆಗೆಟ್ಟಿದ್ದೆ.

ತಕರಾರು ರಾಯ
ನೆಮ್ಮದಿಯಾಗಿ ಮಲಗಿ. 450 ಕೋಟಿ ವರ್ಷದಲ್ಲಿ ಡಿಕ್ಕಿ ಖಚಿತ ಎನ್ನುತ್ತಿದ್ದವರು ಈಗ ರಾಗ ಬದಲಿಸಿದ್ದಾರೆ. 2025ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮುಂದಿನ 1000 ಕೋಟಿ ವರ್ಷದೊಳಗೆ ಡಿಕ್ಕಿಯಾಗುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ನಾನು ಹೇಳುವುದೂ ಅದನ್ನೇ. ಇವರು ಹತ್ತು ವರ್ಷಕ್ಕೊಮ್ಮೆ ಮಾತು ಬದಲಿಸುತ್ತಾರೆ, ನಾವು ಪ್ರತಿ ಸಲ ತಲೆದೂಗಬೇಕು.

ಗಣಕದ ಗಿರಿಜೆ, ಮೈಸೂರು
ಹೊಸ ಅಳತೆ ಬಂದಾಗ ಮಾತು ಬದಲಿಸದವರನ್ನು ನಂಬುವುದೇ ಹೆಚ್ಚು ಅಪಾಯ ರಾಯರೇ. ಗಯಾ ಮತ್ತು ಹಬಲ್ ದೂರದರ್ಶಕಗಳ ಹೊಸ ಮಾಹಿತಿ ಸಿಕ್ಕಿತು, ಲೆಕ್ಕ ಬದಲಾಯಿತು.

ದೂರ ಎಂಬುದು ತಲೆಗೆ ಇಳಿಯದವರಿಗೆ ನಾನು ಮಕ್ಕಳಿಗೆ ಹೇಳಿಕೊಡುವ ಲೆಕ್ಕ ಕೊಡುತ್ತೇನೆ. ಒಂದು ಸೆಂಟಿಮೀಟರ್ ಎಂದರೆ ಒಂದು ಲಕ್ಷ ಕಿಲೋಮೀಟರ್ ಎಂದುಕೊಳ್ಳಿ. ಲಾಲ್‌ಬಾಗಿನ ಬಂಡೆಯ ಮೇಲೆ 14 ಸೆಂಟಿಮೀಟರಿನ ಒಂದು ತೆಂಗಿನಕಾಯಿ ಇಡಿ. ಅದು ಸೂರ್ಯ. ಅಲ್ಲಿಂದ 15 ಮೀಟರ್ ನಡೆದು ಒಂದು ಸಾಸಿವೆ ಕಾಳು ಇಡಿ. ಅದು ಭೂಮಿ. ನೆಪ್ಚೂನ್ 450 ಮೀಟರಿನಲ್ಲಿ, ಬಹುಶಃ ಉದ್ಯಾನದ ಒಳಗೇ ಸಿಗುತ್ತದೆ. ಈಗ ಹೇಳಿ, ಇದೇ ಅಳತೆಯಲ್ಲಿ ಮುಂದಿನ ತೆಂಗಿನಕಾಯಿ ಎಲ್ಲಿದೆ? ಮಕ್ಕಳು ತುಮಕೂರು ಎನ್ನುತ್ತಾರೆ. ಧೈರ್ಯವಂತರು ದೆಹಲಿ ಎನ್ನುತ್ತಾರೆ. ಅದು ಇರುವುದು ಹಾಂಗ್‌ಕಾಂಗಿನ ಹತ್ತಿರ, ಸುಮಾರು 4000 ಕಿಲೋಮೀಟರ್ ಆಚೆ. ನಡುವೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ನಿವೃತ್ತ ಮೇಷ್ಟ್ರು
ಸಣ್ಣ ತಿದ್ದುಪಡಿ. ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ಅದು ಕೆಂಪು ಕುಬ್ಜ. ಅಗಲದಲ್ಲಿ ಸೂರ್ಯನ ಸುಮಾರು ಏಳನೇ ಒಂದು ಭಾಗದಷ್ಟಿದೆ. ನಿಮ್ಮ ಅಳತೆಯಲ್ಲಿ ಹಾಂಗ್‌ಕಾಂಗಿನಲ್ಲಿ ಇಡಬೇಕಾದದ್ದು ಅಡಿಕೆ. ತೆಂಗಿನಕಾಯಿಯೇ ಬೇಕೆಂದರೆ ಆಲ್ಫಾ ಸೆಂಟಾರಿಗೆ ಇನ್ನೂ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗಬೇಕು.

ಗುಡ್ಡದ ಮನೆ, ಸಾಗರ
ಅಡಿಕೆಯಾದರೆ ನಮ್ಮಲ್ಲಿಂದಲೇ ಕಳಿಸುತ್ತೇವೆ. ಹಾಂಗ್‌ಕಾಂಗಿನಲ್ಲಿ ಕ್ವಿಂಟಾಲಿಗೆ ಎಷ್ಟಿದೆ?

ಗಣಕದ ಗಿರಿಜೆ, ಮೈಸೂರು
ಮೇಷ್ಟ್ರೇ, ಮಕ್ಕಳಿಗೆ ಮೊದಲು ತೆಂಗಿನಕಾಯಿಯೇ ಸಾಕು. ಅಡಿಕೆ ಆಮೇಲೆ.

ಸವಿತಾ, ಹುಬ್ಬಳ್ಳಿ
ಮಗಳು ಮೊದಲ ಉತ್ತರ ಓದಿ "ಹಾಂ" ಎಂದಳು. ಈಗ ಹೊಸ ಪ್ರಶ್ನೆ: ಆ ಮಹಾಸ್ಫೋಟ ಎಲ್ಲಿ ಆಯಿತು? ಯಾವ ದಿಕ್ಕಿಗೆ ಕೈ ತೋರಿಸಬೇಕು?

ಗಣಕದ ಗಿರಿಜೆ, ಮೈಸೂರು
ಎಲ್ಲ ದಿಕ್ಕಿಗೂ. ಹುಬ್ಬಳ್ಳಿಯಲ್ಲೂ ಆಯಿತು, ಆಂಡ್ರೊಮಿಡಾದಲ್ಲೂ ಆಯಿತು, ಏಕೆಂದರೆ ಆಗ ಅವೆಲ್ಲ ಒಂದೇ ಕಡೆ ಇದ್ದವು. ನಡುವಿನ ಬಿಂದು ಎಂಬುದಿಲ್ಲ. ಯಾವ ಗೆಲಾಕ್ಸಿಯಲ್ಲಿ ಕುಳಿತು ನೋಡಿದರೂ ಉಳಿದವೆಲ್ಲ ತನ್ನಿಂದಲೇ ದೂರ ಸರಿಯುತ್ತಿರುವಂತೆ ಕಾಣುತ್ತದೆ. ನಿಮ್ಮ ಯಜಮಾನರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ: ಒಳಗಿನ ದೂರಗಳು ಹೆಚ್ಚುತ್ತವೆ, ಅದಕ್ಕೆ ಹೊರಗೊಂದು ಖಾಲಿ ಕೋಣೆ ಬೇಕಾಗಿಲ್ಲ. ಬಲೂನಿನ ಉದಾಹರಣೆ ಕೊಡಲು ಯಾರಾದರೂ ಸಿದ್ಧರಾಗಿದ್ದರೆ ದಯವಿಟ್ಟು ಬೇಡ. ಬಲೂನಿಗೆ ಹೊರಗೂ ಇದೆ, ಊದುವವನೂ ಇದ್ದಾನೆ.

ಸಂಧ್ಯಾವಂದನೆ
ಊದುವವನು ಇಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಇದನ್ನೆಲ್ಲ ನಮ್ಮ ಹಿರಿಯರು ಸಾವಿರಾರು ವರ್ಷದ ಹಿಂದೆಯೇ ಹೇಳಿದ್ದಾರೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಬೇರೆ ಯಾವ ನಾಗರಿಕತೆ ಕೋಟಿಗಳಲ್ಲಿ ಯೋಚಿಸುತ್ತಿತ್ತು? ಯುರೋಪಿನಲ್ಲಿ ಸೃಷ್ಟಿಯಾಗಿ ಆರು ಸಾವಿರ ವರ್ಷ ಎಂದು ಕುಳಿತಿದ್ದರು.

ತಕರಾರು ರಾಯ
ಬಂತು ನೋಡಿ. ಈಗ ಪುಷ್ಪಕ ವಿಮಾನವೂ ಬರುತ್ತದೆ.

ಸಂಧ್ಯಾವಂದನೆ
ವಿಮಾನದ ಮಾತು ತೆಗೆದದ್ದು ನೀವು, ನಾನಲ್ಲ.

ನಿವೃತ್ತ ಮೇಷ್ಟ್ರು
ಇಬ್ಬರೂ ಸ್ವಲ್ಪ ನಿಲ್ಲಿ. 432 ಕೋಟಿಯನ್ನು ಭೂಮಿಯ ವಯಸ್ಸಾದ 454 ಕೋಟಿಯ ಪಕ್ಕದಲ್ಲಿಟ್ಟು ಹಿಗ್ಗುವವರನ್ನು ಬಹಳ ಕಂಡಿದ್ದೇನೆ. ಆದರೆ ಕಲ್ಪ ಎನ್ನುವುದು ಮತ್ತೆ ಮತ್ತೆ ಬರುವ ಚಕ್ರದ ಲೆಕ್ಕ, ಬಂಡೆಗಳನ್ನು ಅಳೆದು ಬಂದದ್ದಲ್ಲ. ಅಷ್ಟು ದೊಡ್ಡ ಸಂಖ್ಯೆಗೆ ಹೆದರದ ಮನಸ್ಸಿಗೆ ಒಂದು ನಮಸ್ಕಾರ ಹಾಕೋಣ, ಅಳತೆಯ ಕೀರ್ತಿಯನ್ನು ಅಳೆದವರಿಗೆ ಬಿಡೋಣ.

ನನಗೆ ಋಗ್ವೇದದಲ್ಲಿ ಇಷ್ಟವಾಗುವುದು ಹತ್ತನೇ ಮಂಡಲದ 129ನೇ ಸೂಕ್ತ, ನಾಸದೀಯ ಸೂಕ್ತ. ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋಗುವ ಕವಿ ಕೊನೆಯಲ್ಲಿ, ಪರಮ ವ್ಯೋಮದಿಂದ ನೋಡುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ನಿಲ್ಲಿಸುತ್ತಾನೆ. "ಎಲ್ಲ ನಮಗೆ ಗೊತ್ತಿತ್ತು" ಎನ್ನುವವರು ಆ ಕೊನೆಯ ಸಾಲನ್ನು ಓದಿರುವುದಿಲ್ಲ.

ಸಂಧ್ಯಾವಂದನೆ
ನಾನು ಓದಿದ್ದೇನೆ ಮೇಷ್ಟ್ರೇ, ಸ್ವರಸಹಿತ. ಅದಕ್ಕೇ ಕೇಳುತ್ತಿದ್ದೇನೆ: ಮಹಾಸ್ಫೋಟಕ್ಕೆ ಮೊದಲು ಏನಿತ್ತು? ನಿಮ್ಮ ವಿಜ್ಞಾನಿಗಳೂ ಅದೇ ಸಾಲಿನಲ್ಲಿ ನಿಂತಿದ್ದಾರಲ್ಲ.

ನಿವೃತ್ತ ಮೇಷ್ಟ್ರು
ನಿಂತಿದ್ದಾರೆ. ಮೊದಲ ಕೆಲವು ನಿಮಿಷಗಳಲ್ಲಿ ಹೈಡ್ರೋಜನ್, ಹೀಲಿಯಂ ಬೀಜಕಣಗಳು ಯಾವ ಪ್ರಮಾಣದಲ್ಲಿ ಆದವು ಎಂಬುದನ್ನು ಲೆಕ್ಕ ಹಾಕಬಹುದು. ತೂಕದಲ್ಲಿ ಸುಮಾರು ಕಾಲು ಭಾಗ ಹೀಲಿಯಂ ಎಂದು ಲೆಕ್ಕ ಹೇಳುತ್ತದೆ, ಆಕಾಶದಲ್ಲಿ ಅಳೆದರೂ ಅಷ್ಟೇ ಸಿಗುತ್ತದೆ. ಆ ಹೊತ್ತಿನಿಂದ ಹಿಂದಕ್ಕೆ ಹೋದಂತೆ ಲೆಕ್ಕ ತಡವರಿಸುತ್ತದೆ. ಸೊನ್ನೆಯ ಕ್ಷಣದಲ್ಲಿ ಸಮೀಕರಣಗಳೇ ಕೈಕೊಡುತ್ತವೆ. ಆ ಕೈಕೊಡುವಿಕೆಯನ್ನು ಗಣಿತದಲ್ಲಿ ಹಿಡಿದವರಲ್ಲಿ ನಮ್ಮ ಕಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಮೊದಲಿಗರು, 1955ರಲ್ಲಿ. ಪೆನ್‌ರೋಸ್ ಮತ್ತು ಹಾಕಿಂಗ್ ಆ ಸಮೀಕರಣದ ಮೇಲೆಯೇ ಮುಂದಿನ ಮಹಡಿ ಕಟ್ಟಿದರು.

ತಕರಾರು ರಾಯ
ಮಹಾಸ್ಫೋಟವನ್ನೇ ಒಪ್ಪದ ದೊಡ್ಡ ವಿಜ್ಞಾನಿಗಳಿದ್ದರು ಎಂಬುದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಜಯಂತ ನಾರ್ಳೀಕರ್! ಕೊಲ್ಹಾಪುರದಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜೊತೆ ಕೆಲಸ ಮಾಡಿದವರು. ವಿಶ್ವಕ್ಕೆ ಆರಂಭವೇ ಇಲ್ಲ ಎಂಬ ಪಕ್ಷವನ್ನು ಕೊನೆಯವರೆಗೂ ಬಿಡಲಿಲ್ಲ. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಎಲ್ಲರೂ ಒಂದೇ ಕಡೆ ಓಡುವಾಗ ಎದುರು ನಿಲ್ಲುವವರು ಬೇಕು.

ಗಣಕದ ಗಿರಿಜೆ, ಮೈಸೂರು
ನಾರ್ಳೀಕರ್ ಬಗ್ಗೆ ನನಗೂ ಅಪಾರ ಗೌರವ. ಪುಣೆಯಲ್ಲಿ ಅವರು ಕಟ್ಟಿದ ಸಂಸ್ಥೆಯಲ್ಲಿ ಮಹಾಸ್ಫೋಟವನ್ನು ಒಪ್ಪುವವರಿಗೂ ಸಮಾನ ಜಾಗವಿತ್ತು. ಆದರೆ ಅವರ ಪಕ್ಷಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ವಾದದಿಂದಲ್ಲ, ಒಂದು ಸದ್ದಿನಿಂದ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಕೊಂಬಿನಾಕಾರದ ಆಂಟೆನಾದಲ್ಲಿ ಕೇಳಿಸುತ್ತಿದ್ದ ಗೊರಗೊರ ಸದ್ದನ್ನು ನಿಲ್ಲಿಸಲು ಒದ್ದಾಡಿದರು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆ ತೊಳೆದರು. ಸದ್ದು ಹೋಗಲಿಲ್ಲ. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಅದು ಮೇಷ್ಟ್ರು ಮೇಲೆ ಹೇಳಿದ ಆ 3,80,000ನೇ ವರ್ಷದ ಬೆಳಕು. ಹಿಗ್ಗಿ ಹಿಗ್ಗಿ ತಣ್ಣಗಾಗಿ ಈಗ ಪರಮಶೂನ್ಯಕ್ಕಿಂತ 2.7 ಡಿಗ್ರಿಯಷ್ಟೇ ಮೇಲಿದೆ. 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಾರಿವಾಳಗಳಿಗೆ ಏನೂ ಸಿಗಲಿಲ್ಲ.

ರಾತ್ರಿಪಾಳಿ
ಹಳೆಯ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಬರುತ್ತಿದ್ದ ಚುಕ್ಕಿಗಳ ಮಳೆಯೂ ಅದೇ ಅಲ್ಲವೇ?

ಗಣಕದ ಗಿರಿಜೆ, ಮೈಸೂರು
ಅದರಲ್ಲಿ ಸುಮಾರು ನೂರರಲ್ಲೊಂದು ಪಾಲು. ಉಳಿದದ್ದು ಟಿವಿಯ ಒಳಗಿನ ಗದ್ದಲ ಮತ್ತು ಸುತ್ತಮುತ್ತಲಿನ ಅಡಚಣೆ.

ಕೃಷಿಕ, ಕೊಳ್ಳೇಗಾಲ
ನಮ್ಮಪ್ಪ ಟಿವಿಯ ತಲೆಗೆ ಬಡಿದು ವಿಶ್ವದ ಆದಿಯನ್ನು ಓಡಿಸುತ್ತಿದ್ದರು ಎಂದಾಯಿತು.

ಗುಡ್ಡದ ಮನೆ, ಸಾಗರ
ನ್ಯೂಜೆರ್ಸಿಯವರೆಗೆ ಯಾಕೆ ಹೋಗುತ್ತೀರಿ? ನಮ್ಮ ಶರಾವತಿ ಹಿನ್ನೀರಿನ ಕಥೆ ಯಾರಿಗೂ ನೆನಪಿಲ್ಲವೇ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರ ಆರಂಭದಲ್ಲಿ ಸರಸ್ 3 ಎಂಬ ರೇಡಿಯೊ ದೂರದರ್ಶಕವನ್ನು ತೆಪ್ಪದ ಮೇಲೆ ಕೂರಿಸಿ ನೀರಿನಲ್ಲಿ ತೇಲಿಬಿಟ್ಟಿದ್ದರು. ಒಂದು ಸಲ ಗೌರಿಬಿದನೂರು ಕಡೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಇನ್ನೊಂದು ಸಲ ಶರಾವತಿಯಲ್ಲಿ. ಹುಡುಕುತ್ತಿದ್ದುದು ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸುಳಿವನ್ನು. ನಾವು ಊರವರು ಆ ನೀರಿನಲ್ಲಿ ಲಾಂಚ್ ಯಾವಾಗ ಬರುತ್ತದೆ ಎಂದು ಮಾತ್ರ ನೋಡುತ್ತೇವೆ.

ಸವಿತಾ, ಹುಬ್ಬಳ್ಳಿ
ನೀರಿನ ಮೇಲೆ ಯಾಕೆ? ಗುಡ್ಡದ ಮೇಲೆ ಇಡುವುದಲ್ಲವೇ?

ಪರ್ತ್ ಕನ್ನಡತಿ
ಈ ಪ್ರಶ್ನೆಗೆ ನಾನು ಉತ್ತರಿಸಲೇಬೇಕು, ಏಕೆಂದರೆ ಜಗಳ ಶುರುವಾದದ್ದು ನಾನಿರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ.

ಆದಿಯಲ್ಲಿ ಎಲ್ಲೆಡೆ ತುಂಬಿದ್ದ ಹೈಡ್ರೋಜನ್ ಅನಿಲ 21 ಸೆಂಟಿಮೀಟರ್ ತರಂಗಾಂತರದಲ್ಲಿ, ಅಂದರೆ 1420 ಮೆಗಾಹರ್ಟ್ಸ್‌ನಲ್ಲಿ, ಬಹಳ ಮೆಲ್ಲಗೆ ಮಾತಾಡುತ್ತದೆ. ಮೊದಲ ನಕ್ಷತ್ರಗಳು ಹುಟ್ಟಿದಾಗ ಆ ದನಿ ಸ್ವಲ್ಪ ಕುಗ್ಗಿರಬೇಕು. ಆ ತರಂಗವೂ ದಾರಿಯಲ್ಲಿ ಹಿಗ್ಗುವುದರಿಂದ ಈಗ ನಮಗೆ ಎಫ್‌ಎಂ ರೇಡಿಯೊದ ಆಸುಪಾಸಿನಲ್ಲಿ ಸಿಗುತ್ತದೆ. 2018ರಲ್ಲಿ ಇಲ್ಲಿನ ಮರ್ಚಿಸನ್ ಮರುಭೂಮಿಯಲ್ಲಿಟ್ಟಿದ್ದ ಎಡ್ಜಸ್ ಎಂಬ ಅಮೆರಿಕನ್ ಉಪಕರಣದವರು 78 ಮೆಗಾಹರ್ಟ್ಸ್‌ನಲ್ಲಿ ಆ ಕುಗ್ಗುವಿಕೆ ಸಿಕ್ಕಿತು ಎಂದು ಘೋಷಿಸಿದರು. ಜಗತ್ತೇ ಎದ್ದು ಕುಳಿತಿತು. ನಿರೀಕ್ಷೆಗಿಂತ ಎಷ್ಟೋ ಆಳವಾಗಿದ್ದ ಕುಳಿ ಅದು. ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಹೊಸ ಗುಣ ಇರಬೇಕು ಎಂದು ಲೇಖನಗಳ ಮೇಲೆ ಲೇಖನ ಬಂದವು.

ನೆಲದ ಮೇಲೆ ಆಂಟೆನಾ ಇಟ್ಟರೆ ಕೆಳಗಿನ ಕಲ್ಲು, ಮಣ್ಣಿನ ಪದರಗಳಿಂದ ಪ್ರತಿಫಲಿಸಿದ ಅಲೆಗಳೂ ಸೇರಿ ಸುಳ್ಳು ಏರಿಳಿತ ಮೂಡಬಹುದು. ಆಳವಾದ ನೀರು ಸಮವಾಗಿರುತ್ತದೆ, ಅದರ ಗುಣ ಮೊದಲೇ ಗೊತ್ತು. ಅದಕ್ಕೇ ಕೆರೆ, ಹಿನ್ನೀರು. ಸರಸ್ 3 ಕೇಳಿಸಿಕೊಂಡ ತರಂಗಪಟ್ಟಿಯಲ್ಲಿ ಎಡ್ಜಸ್ ಹೇಳಿದ ಆಕಾರ ಸಿಗಲಿಲ್ಲ. 95.3 ಶೇಕಡಾ ವಿಶ್ವಾಸದಿಂದ ಅದನ್ನು ತಳ್ಳಿಹಾಕಿ 2022ರಲ್ಲಿ ಪ್ರಕಟಿಸಿದರು.

ತಕರಾರು ರಾಯ
ಇದು ಚೆನ್ನಾಗಿದೆ. ನಮ್ಮವರೂ ತಕರಾರು ತೆಗೆದರು. ನಾನು ಇವರ ಕಡೆ.

ದಾರಿಹೋಕ
95.3 ಎಂದರೆ 4.7ರಷ್ಟು ಸಂಶಯ ಉಳಿಯಿತಲ್ಲ ರಾಯರೇ, ನಿಮ್ಮ ಊಟಕ್ಕೆ ಅಷ್ಟು ಸಾಕು.

ಗುಡ್ಡದ ಮನೆ, ಸಾಗರ
ಇದೇ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳಿಸುವ ಯೋಜನೆ ಇಟ್ಟುಕೊಂಡಿದ್ದಾರೆ. ಚಂದ್ರನ ಆಚೆ ಮಗ್ಗುಲಿಗೆ ಹೋದಾಗ ಭೂಮಿಯ ಎಫ್‌ಎಂ ಕೇಂದ್ರಗಳ ಕಾಟವಿಲ್ಲ. ಇಲ್ಲಿಯ ಬೆಳಗಿನ ಜಾಹೀರಾತು ಕೇಳುವವರಿಗೆ ಅದರ ಸುಖ ಅರ್ಥವಾಗುತ್ತದೆ.

ಶೇಷಾದ್ರಿಪುರದವನು
ವಿಷಯದಿಂದ ಸ್ವಲ್ಪ ಹೊರಗೆ. ಬೆಂಗಳೂರಿನ ನೆಹರು ತಾರಾಲಯವನ್ನು ಮೊದಲಿನಿಂದ ರೂಪಿಸಿದ ನಿರ್ದೇಶಕರು ಸಿ. ವಿ. ವಿಶ್ವೇಶ್ವರ ಎಂದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನಲ್ಲೇ ಹುಟ್ಟಿದವರು. 1970ರಲ್ಲಿ, ಕಪ್ಪುಕುಳಿಗಳನ್ನು ಜನ ಇನ್ನೂ ಪೂರ್ತಿ ನಂಬದಿದ್ದಾಗ, ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಹೇಗೆ ಮಿಡಿದು ಅಡಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಯ ಬಾಲದಲ್ಲಿ ಅದೇ ಬಗೆಯ ಮಿಡಿತವಿತ್ತು. ಅದನ್ನು ಅವರು ಬದುಕಿರುವಾಗಲೇ ಕಂಡರು. ತಾರಾಲಯದ ಕತ್ತಲಲ್ಲಿ ಅವರ ಮಾತು ಕೇಳಿದ ನಮ್ಮ ಶಾಲೆಯ ಹುಡುಗರಲ್ಲಿ ಅರ್ಧ ಮಂದಿ ಮಲಗಿದ್ದೆವು, ಆಸನ ಹಿಂದಕ್ಕೆ ಬಾಗುತ್ತಿದ್ದುದೇ ಕಾರಣ.

ರಾತ್ರಿಪಾಳಿ
ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ಬಗೆಯ ದಿಗಿಲು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಜಾವ ಹೊರಗೆ ಬಂದು ಆಕಾಶ ನೋಡಿದರೆ, ನಾವು ಮಾಡುವ ಯಾವುದಕ್ಕೂ ಅರ್ಥವಿಲ್ಲ ಅನ್ನಿಸುತ್ತದೆ. ನಿಮಗೂ ಹೀಗಾಗುತ್ತದೆಯೇ?

ಸಂಧ್ಯಾವಂದನೆ
ನನಗೆ ಆಗುವುದಿಲ್ಲ, ಅದಕ್ಕೆ ಕಾರಣ ನನ್ನ ನಂಬಿಕೆ. ನಿಮಗೆ ಅದನ್ನು ಹೇರುವುದಿಲ್ಲ.

ತಕರಾರು ರಾಯ
ದೊಡ್ಡದಾದ ಮಾತ್ರಕ್ಕೆ ಯಾಕೆ ಹೆದರಬೇಕು? ಆ 9300 ಕೋಟಿ ಜ್ಯೋತಿರ್ವರ್ಷದಲ್ಲಿ ಹೆಚ್ಚಿನದು ಖಾಲಿ. ಖಾಲಿ ಜಾಗಕ್ಕೆ ಮರ್ಯಾದೆ ಕೊಡುವ ಅಭ್ಯಾಸ ನನಗಿಲ್ಲ. ರಾತ್ರಿ ಮೂರು ಗಂಟೆಗೆ ಒಬ್ಬರ ಜ್ವರ ನೋಡುವವರು ನೀವು, ಯಾವ ಗೆಲಾಕ್ಸಿಗೆ ಅದು ಬರುತ್ತದೆ?

ನಿವೃತ್ತ ಮೇಷ್ಟ್ರು
ರಾಯರು ಮೊದಲ ಬಾರಿಗೆ ಒಂದು ಒಳ್ಳೆಯ ಮಾತು ಆಡಿದ್ದಾರೆ, ದಿನಾಂಕ ಬರೆದಿಟ್ಟುಕೊಳ್ಳಿ.

ನಾನು ಸೇರಿಸುವುದು ಇಷ್ಟೇ. ನಿಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ನಿನ ಪ್ರೋಟಾನುಗಳು ವಿಶ್ವದ ಮೊದಲ ಕ್ಷಣಗಳಲ್ಲೇ ಆದವು. ಅವುಗಳ ವಯಸ್ಸೂ 1380 ಕೋಟಿ. ನೀವು ಆಚೆ ನಿಂತು ನೋಡುವ ಪ್ರೇಕ್ಷಕರಲ್ಲ.

ತಕರಾರು ರಾಯ
ಇನ್ನು ಮುಖ್ಯ ವಿಷಯ. ಆ "ಸುಮಾರು 70 ಕಿಲೋಮೀಟರ್" ಎಂದು ಮೇಷ್ಟ್ರು ಜಾಣತನದಿಂದ ದಾಟಿಸಿದರಲ್ಲ, ಅದರ ಹಿಂದೆ ದೊಡ್ಡ ಜಗಳವಿದೆ. ಆದಿಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದವರು 67 ಎನ್ನುತ್ತಾರೆ. ಹತ್ತಿರದ ಗೆಲಾಕ್ಸಿಗಳಲ್ಲಿ ಮಿನುಗುವ ನಕ್ಷತ್ರಗಳನ್ನೂ ಸಿಡಿಯುವ ನಕ್ಷತ್ರಗಳನ್ನೂ ಅಳೆದವರು 73 ಎನ್ನುತ್ತಾರೆ. ಇಬ್ಬರೂ ತಮ್ಮ ಅಳತೆ ಸರಿ ಎನ್ನುತ್ತಾರೆ. ಎರಡರ ನಡುವಿನದನ್ನು ಹಿಡಿದು 70 ಎನ್ನುವುದು ಪಂಚಾಯಿತಿ ರಾಜಿಯೇ ಹೊರತು ವಿಜ್ಞಾನವಲ್ಲ.

ನಿವೃತ್ತ ಮೇಷ್ಟ್ರು
ಶಾಲೆಯ ಮಗುವಿಗೆ ಹೇಳುವಾಗ ಅಷ್ಟು ರಾಜಿ ಸಾಕು. ಜಗಳ ನಿಜ. ಬಗೆಹರಿದಿಲ್ಲ. ಜೇಮ್ಸ್ ವೆಬ್ ದೂರದರ್ಶಕ ಹತ್ತಿರದ ಅಳತೆಗಳನ್ನು ಮತ್ತೆ ನೋಡಿದರೂ ಅಂತರ ಸುಲಭವಾಗಿ ಮಾಯವಾಗಲಿಲ್ಲ. ಆದರೆ 67 ಇರಲಿ, 73 ಇರಲಿ, ಹಿಗ್ಗುತ್ತಿದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಸವಿತಾ, ಹುಬ್ಬಳ್ಳಿ
ಗಂಡ ಈಗ ಈ ಚರ್ಚೆಯನ್ನು ನನ್ನ ಮೊಬೈಲಿನಿಂದ ಕಿತ್ತುಕೊಂಡು ಓದುತ್ತಿದ್ದಾನೆ. ಕಾಣುವ ವಿಶ್ವದ ಆಚೆ ಏನಿದೆ ಎಂದು ಕೇಳುತ್ತಿದ್ದಾನೆ.

ಗಣಕದ ಗಿರಿಜೆ, ಮೈಸೂರು
ಬಹುಶಃ ಇಂಥದ್ದೇ ಇನ್ನಷ್ಟು. ಅಲ್ಲಿಂದ ಬೆಳಕು ನಮ್ಮನ್ನು ಇನ್ನೂ ತಲುಪಿಲ್ಲ, ಬಹಳಷ್ಟು ಕಡೆಯಿಂದ ಎಂದಿಗೂ ತಲುಪುವುದಿಲ್ಲ. ಅಳತೆಗಳ ಪ್ರಕಾರ ಜಾಗ ಬಹುತೇಕ ಸಪಾಟಾಗಿದೆ, ಹಾಗಾಗಿ ಅನಂತವಾಗಿದ್ದರೂ ಇರಬಹುದು. 9300 ಕೋಟಿ ಎಂಬುದು ನಮ್ಮ ನೋಟದ ಅಂಚು, ವಿಶ್ವದ ಬೇಲಿಯಲ್ಲ.

ಕೃಷಿಕ, ಕೊಳ್ಳೇಗಾಲ
ಬೇಲಿ ಇಲ್ಲದ ಜಮೀನು ಯಾರ ಹೆಸರಿನಲ್ಲಿದೆ?

ಪರ್ತ್ ಕನ್ನಡತಿ
ಹುಬ್ಬಳ್ಳಿಯ ಹುಡುಗಿಗೆ ಒಂದು ಮಾತು. ಗಿರಿಜಾ ಅವರ ಆ ಹಾಂಗ್‌ಕಾಂಗ್ ತೆಂಗಿನಕಾಯಿ, ಅಂದರೆ ಆಲ್ಫಾ ಸೆಂಟಾರಿ, ಕರ್ನಾಟಕದಿಂದ ಬರಿಗಣ್ಣಿಗೆ ಕಾಣುತ್ತದೆ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತು ಗಂಟೆಯ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ದಿಗಂತದಿಂದ ಸ್ವಲ್ಪವೇ ಮೇಲೆ ಎರಡು ಪ್ರಕಾಶಮಾನ ಚುಕ್ಕಿಗಳು ಪಕ್ಕಪಕ್ಕದಲ್ಲಿರುತ್ತವೆ. ಎಡಗಡೆಯದು ಅದು. ಇಲ್ಲಿ ನನಗೆ ಅದು ನಡು ಆಕಾಶದಲ್ಲೇ ಸಿಗುತ್ತದೆ, ಹೊಟ್ಟೆ ಉರಿಸಲು ಹೇಳುತ್ತಿಲ್ಲ.

ಗುಡ್ಡದ ಮನೆ, ಸಾಗರ
ಮೇ ಕೊನೆಗೆ ನಮ್ಮಲ್ಲಿ ಮೋಡ. ಮಲೆನಾಡಿನವರಿಗೆ ಬೇರೆ ದಿನ ಕೊಡಿ.

ನಿವೃತ್ತ ಮೇಷ್ಟ್ರು
ನಿಮಗೆ ಡಿಸೆಂಬರ್ ಮೊದಲ ವಾರಗಳು. ಸಂಜೆ ಏಳೂವರೆ ಎಂಟಕ್ಕೆ ಉತ್ತರದ ಕಡೆ ತಲೆ ಎತ್ತಿದರೆ ಆಂಡ್ರೊಮಿಡಾ, ಮಸುಕು ಕಲೆಯ ಹಾಗೆ. 25 ಲಕ್ಷ ವರ್ಷದ ಹಿಂದೆ ಹೊರಟ ಬೆಳಕು. ಚಂದ್ರನಿಲ್ಲದ ರಾತ್ರಿ ಆರಿಸಿಕೊಳ್ಳಿ, ಅಂಗಳದ ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬಿಡಿ. ಆ ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ.

ಗುಡ್ಡದ ಮನೆ, ಸಾಗರ
ದೀಪ ಆರಿಸುವ ಕೆಲಸವನ್ನು ನಮ್ಮಲ್ಲಿ ವಿದ್ಯುತ್ ಇಲಾಖೆಯೇ ನೋಡಿಕೊಳ್ಳುತ್ತದೆ. ಬೈನಾಕ್ಯುಲರ್ ಯಾವುದು ಕೊಳ್ಳಲಿ, 7 × 50 ಸಾಕೇ?

ನಿವೃತ್ತ ಮೇಷ್ಟ್ರು
ಧಾರಾಳವಾಗಿ ಸಾಕು. 10 × 50 ಆದರೆ ಕೈ ಸ್ವಲ್ಪ ನಡುಗಿದರೂ ತಿಳಿಯುತ್ತದೆ, ಕಂಬಕ್ಕೆ ಒರಗಿಕೊಂಡು ನೋಡಿ.

ತಕರಾರು ರಾಯ
7 × 50 ಬೇಡ. 8 × 42 ತೆಗೆದುಕೊಳ್ಳಿ, ಹಗಲು ಹಕ್ಕಿಗೂ ಆಗುತ್ತದೆ.